ಅಪೀಲು ಮುಗಿಯುವವರೆಗೆ

ಕಿಟಕಿಗೆ ಬಣ್ಣ ಹೊಡೆಯಲು ಬಂದವನು ಮೊನ್ನೆ ಬ್ರಷ್ ತೊಳೆಯಲೆಂದು ಸೀಮೆಎಣ್ಣೆಯ ಡಬ್ಬಿ ತೆರೆದ. ವಾಸನೆ ಒಳಗೆ ಬಂದದ್ದೇ ತಡ, ಎದ್ದು ಹೋಗಿ ಬಾಗಿಲಿನ ಚಿಲಕ ಎಳೆದೆ. ಪಕ್ಕದ ಮನೆಯ ಅಕ್ಕ ನೆನಪಾದಳು...

ಶಿರಾದ ನಮ್ಮ ಬೀದಿಯಲ್ಲಿ ರವಿಕೆ ಹೊಲಿದು ಬದುಕುತ್ತಿದ್ದಳು. ತವರು ಗೌಡಗೆರೆ ಕಡೆ. ಗಂಡ ಕಡಲೆಕಾಯಿ ಮಂಡಿಗೆ ಲಗೇಜ್ ಆಟೊ ಓಡಿಸುತ್ತಿದ್ದ. ಅವನು ಹೊಡೆಯುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಒಂದು ಮಧ್ಯಾಹ್ನ ಅಕ್ಕ ಮೈಯೆಲ್ಲ ಸೀಮೆಎಣ್ಣೆಯಲ್ಲಿ ತೊಯ್ದು ನಮ್ಮ ಮನೆಗೆ ನುಗ್ಗಿದಳು. ಅಮ್ಮ ಬಾಗಿಲು ಹಾಕಿ ಚಿಲಕ ಎಳೆದಳು. ಅವನು ಹೊರಗಿನಿಂದ ಒದೆಯುತ್ತಿದ್ದ. ಕಿಟಕಿಯ ಸಂದಿನಲ್ಲಿ ಅವನ ಕೈಯಲ್ಲಿದ್ದ ಬೆಂಕಿಪೊಟ್ಟಣ ನನಗೆ ಕಂಡಿತು.

ಮಧುಗಿರಿ ಕೋರ್ಟಿನಲ್ಲಿ ಅಮ್ಮನೂ ನಾನೂ ಸಾಕ್ಷಿ ಹೇಳಿದೆವು. ಅವನಿಗೆ ಶಿಕ್ಷೆಯಾಯಿತು. ಅವನು ಹೈಕೋರ್ಟಿಗೆ ಅಪೀಲು ಹಾಕಿದ. ಅದು ಮುಗಿಯುವವರೆಗೆ ಶಿಕ್ಷೆ ತಡೆಹಿಡಿದು, ಶಿರಾಕ್ಕೆ ಕಾಲಿಡಬಾರದೆಂಬ ಷರತ್ತಿನ ಮೇಲೆ ಜಾಮೀನು ಕೊಟ್ಟರು.

ಒಂದು ಬೆಳಿಗ್ಗೆ ನೋಡಿದರೆ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಬೈಯಲಿಲ್ಲ, ಕೂಗಲಿಲ್ಲ. ಟೀ ಕುಡಿಯುತ್ತ ಅಕ್ಕನ ಬಾಗಿಲನ್ನೇ ನೋಡುತ್ತಿದ್ದ. ಅಮ್ಮ ಪೊಲೀಸರಿಗೆ ಫೋನ್ ಮಾಡಿದಳು. ಜೀಪು ಬರುವಷ್ಟರಲ್ಲಿ ಬೆಂಚು ಖಾಲಿ. ಹೀಗೇ ಎಷ್ಟೋ ಸಲ... ಅಕ್ಕ ಹೊಲಿಯುವುದನ್ನೇ ಕಡಿಮೆ ಮಾಡಿದಳು.

"ಮಿಷನ್ ಸದ್ದಲ್ಲಿ ಹೆಜ್ಜೆ ಸದ್ದು ಕೇಳಾಕಿಲ್ಲ ಕಣಮ್ಮ," ಎಂದಿದ್ದಳು ನನಗೆ.

ಅಪೀಲಿನ ವಾದದ ದಿನ ಅವಳ ಜೊತೆ ಬೆಂಗಳೂರಿಗೆ ಹೋದೆ. ಹೇಳಬೇಕಾದ್ದನ್ನೆಲ್ಲ ಬಸ್ಸಿನಲ್ಲಿ ಮತ್ತೆ ಮತ್ತೆ ಒಪ್ಪಿಸಿದಳು. ಅಲ್ಲಿ ಯಾರೂ ಅವಳನ್ನು ಕರೆಯಲಿಲ್ಲ. ಅಪೀಲಿನಲ್ಲಿ ಸಾಕ್ಷಿಗಳನ್ನು ಸಾಮಾನ್ಯವಾಗಿ ಮತ್ತೆ ಕೇಳುವುದಿಲ್ಲ, ಕೆಳಗಿನ ಕೋರ್ಟಿನಲ್ಲಿ ಬರೆದುಕೊಂಡದ್ದನ್ನೇ ಓದುತ್ತಾರೆ ಎಂದು ಸರ್ಕಾರಿ ವಕೀಲರು ಹೇಳಿದಾಗ ಅವಳ ಮುಖ ಬಿಳಿಚಿಕೊಂಡಿತು.

ಸ್ಟವ್‌ಗೆ ತುಂಬುವಾಗ ಅವಳೇ ಎಣ್ಣೆ ಚೆಲ್ಲಿಕೊಂಡಳು ಎಂದು ಅವನ ವಕೀಲರು ವಾದಿಸಿದರು. ನ್ಯಾಯಮೂರ್ತಿಗಳು ಹಾಳೆ ತಿರುವುತ್ತಲೇ ಇದ್ದರು. ಅಕ್ಕನ ಉಗುರು ನನ್ನ ಅಂಗೈಗೆ ಇಳಿದಿತ್ತು.

"ಎಣ್ಣೆ ಚೆಲ್ಲಿಕೊಂಡವಳು ಪಕ್ಕದ ಮನೆಗೆ ಓಡಿ ಚಿಲಕ ಹಾಕಿಸೋದು ಯಾಕೆ?" ನ್ಯಾಯಮೂರ್ತಿಗಳು ತಲೆಯೆತ್ತದೆ ಕೇಳಿದರು.

ಅಕ್ಕ ನನ್ನ ಕಿವಿಯ ಹತ್ತಿರ ಬಾಗಿದಳು. "ನಾನ್ ಹೇಳಿದ್ದನ್ನ ಓದವ್ರೆ ಕಣಮ್ಮ..."

ಅಪೀಲು ವಜಾ ಆಯಿತು, ಅವನು ಜೈಲಿಗೆ ಹೋದ. ಬೀದಿಯವರೆಲ್ಲ ಮುಗಿಯಿತು ಎಂದರು. ಅಕ್ಕ ಮಾತ್ರ ಹಾಗೆನ್ನಲಿಲ್ಲ. ಅವನು ಬಿಡುಗಡೆಯಾಗುವ ಮೊದಲೇ ಮನೆ ಖಾಲಿ ಮಾಡಿದಳು. ಎಲ್ಲಿಗೆ ಎಂದು ಅಮ್ಮ ಕೇಳಿದ್ದಕ್ಕೆ, "ಹೇಳಾಕಿಲ್ಲಮ್ಮ. ನಿಮಗೆ ಗೊತ್ತು ಅಂದ್ರೆ ಅವ್ನು ನಿಮ್ಮನ್ನ ಸುಮ್ಕೆ ಬುಡಾಕಿಲ್ಲ," ಎಂದಳು. ಅಮ್ಮನ ಕಾಲು ಮುಟ್ಟಿ ನಮಸ್ಕರಿಸಿ, ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಹೋದ ವರ್ಷ ಅವನು ನಮ್ಮ ಬಾಗಿಲಿಗೆ ಬಂದ. ತಲೆ ನರೆತಿತ್ತು, ದನಿ ಮೆತ್ತಗಿತ್ತು. "ಎಲ್ಲವ್ಳೆ?" ಎಂದ. ಗೊತ್ತಿಲ್ಲ ಎಂದೆ. ಅದು ನಿಜವೇ ಆಗಿತ್ತು. ನನ್ನ ಮುಖವನ್ನೇ ಬಹಳ ಹೊತ್ತು ದಿಟ್ಟಿಸಿ ನೋಡಿ ಹೋದ.

ಅಮ್ಮ ಈಗಿಲ್ಲ. ಅಕ್ಕ ಇದ್ದಾಳೋ ಇಲ್ಲವೋ ತಿಳಿಯದು. ಅವಳ ತವರು ಗೌಡಗೆರೆಗೆ ಹೋಗಿ ವಿಚಾರಿಸಬಹುದು ಎಂದು ಎಷ್ಟೋ ಸಲ ಅನ್ನಿಸಿದೆ. ಹೋಗುವುದಿಲ್ಲ. ವಿಚಾರಿಸಿದರೆ ಯಾರಾದರೂ ಅವಳಿರುವ ಜಾಗ ಹೇಳಿಬಿಡಬಹುದು ಎಂಬ ಭಯ...