ಕಟ್ಟಿದ ಕಂಪ್ಯೂಟರಿಗೆ ನೀರು

ಸಾಂಕೋಲೆ ಎಂಬ ಊರಿನಲ್ಲಿ ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಹಳೆಯ ಕಂಪ್ಯೂಟರ್ ಕೈಕೊಟ್ಟಾಗ ಅಂಗಡಿಯವನು, ಕಂಪನಿಯೇ ಜೋಡಿಸಿದ ವರ್ಕ್‌ಸ್ಟೇಷನ್ ಕೊಂಡರೆ ತಲೆನೋವಿಲ್ಲ ಎಂದ. ಗೋಡೆ ಕಟ್ಟುವ ಗೌಂಡಿ ಕೆಲಸದ ಅಪ್ಪ ಒಪ್ಪಲಿಲ್ಲ.

“ಮಂದಿ ಕಟ್ಟಿದ್ದರಾಗ ಏನ್ ತುಂಬ್ಯಾರೋ ಯಾರಿಗ್ಗೊತ್ತು? ನೀನ ಕಟ್ಟು.”

ಬಿಡಿಭಾಗ ತಂದು ನಾನೇ ಕಟ್ಟಿದೆ. ಅದು ಚಾಲೂ ಆದಾಗ ಕುಣಿದಾಡಿಬಿಟ್ಟೆ. ಅಪ್ಪ ಮಾತ್ರ ಸುತ್ತಲೂ ಬಗ್ಗಿ ನೋಡಿ, ಗಟ್ಟಿಯಾಗಲೆಂದು ವಾರವಿಡೀ ನೀರು ಹೊಡೆಯಬೇಕಾದ ಹೊಸ ಗೋಡೆಯ ಬಗ್ಗೆ ಕೇಳುವಂತೆಯೇ ಕೇಳಿದ:

“ಕಟ್ಟಿದ ಮ್ಯಾಲ ನೀರ ಹೊಡದಿ ಏನು?”

ನಗು ತಡೆದುಕೊಂಡು, ಪ್ರೊಸೆಸರ್ ಕಾಯದಂತೆ ಒಳಗೆ ನೀರು ಹರಿಯುವ ಕೊಳವೆ ತೋರಿಸಿದೆ. “ಚಾಲೂ ಇರೂತನಕಾ ನೀರು ತಿರಗತಿರ್ತೈತಿ, ಅಪ್ಪಾ.”

ಅಪ್ಪ ಗಂಭೀರನಾದ.

“ನಾಳಿ ನಮ್ಮ ಕಾಂಟ್ರಾಕ್ಟರನ್ನ ಕರಕೊಂಡ ಬರ್ತೇನಿ. ಗ್ವಾಡಿಗೆ ಎರಡ ದಿನಾ ನೀರ ಹೊಡಿಸಿ ಬಂದ್ ಮಾಡ್ತಾನ. ಬಂದು ಇದನ್ನ ನೋಡ್ಲಿ.”