ಊರು ದಾಟಿದ ಮೇಲೆ ಕೇಳುವ ಮಾತು

ನನ್ನನ್ನು ರೋಣದಿಂದ ನರಗುಂದಕ್ಕೆ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಪಂಚಮಿ ಹಬ್ಬಕ್ಕೆ ಅಣ್ಣ ಬಂಡಿ ಕಟ್ಟಿಕೊಂಡು ನನ್ನನ್ನು ಕರೆಯಲು ಬರುತ್ತಿದ್ದ. ಬಂದವನು ಅತ್ತೆಯವರು ಕೊಟ್ಟ ಚಹಾ ಕುಡಿದು, ಮಳೆ-ಬೆಳೆಯ ಮಾತಾಡಿ, ನನ್ನ ಮುಖವನ್ನೂ ಸರಿಯಾಗಿ ನೋಡದೆ ಕೂತಿರುತ್ತಿದ್ದ. ನಮ್ಮ ಕಡೆಯ ರೀತಿಯೇ ಹಾಗೆ. ಕೊಟ್ಟ ಹೆಣ್ಣುಮಗಳನ್ನು ಅವಳ ಅತ್ತೆಯ ಪಡಸಾಲೆಯಲ್ಲಿ ಕೂತು ಸುಖವಾಗಿದ್ದೀಯಾ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅವಳು ಕೊಡುವುದು ಒಂದೇ ಉತ್ತರ, ಅದು ಎಲ್ಲರಿಗೂ ಗೊತ್ತು. ಬಂಡಿ ಊರು ದಾಟಿ, ನರಗುಂದದ ಗುಡ್ಡ ಬೆನ್ನಿಗೆ ಬಿದ್ದ ಮೇಲೆ ಅಣ್ಣ ಎತ್ತಿನ ಹಗ್ಗ ಸಡಿಲು ಬಿಟ್ಟು, "ಈಗ ಹೇಳ ತಂಗಿ" ಅನ್ನುತ್ತಿದ್ದ.

ಒಂದು ವರ್ಷ ನಾನು ಬೆಣ್ಣೆಹಳ್ಳ ಬರುವ ತನಕ ಬರೀ ಅಳುತ್ತಲೇ ಇದ್ದೆ. ಅವನು ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. ಆ ಸಲ ದೀಪಾವಳಿ ಮುಗಿಯುವ ತನಕ ನನ್ನನ್ನು ವಾಪಸು ಕಳಿಸಲಿಲ್ಲ. ಅಷ್ಟರಲ್ಲಿ ಒಮ್ಮೆ ನರಗುಂದಕ್ಕೆ ಹೋಗಿ ಮಾವನವರ ಜೊತೆ ಏನು ಮಾತಾಡಿ ಬಂದನೋ, ನಾನು ತಿರುಗಿ ಹೋದಾಗ ನನ್ನ ಊಟದ ತಾಟಿನ ಮೇಲೆ ಕಣ್ಣಿಡುವುದನ್ನು ಅತ್ತೆ ಬಿಟ್ಟಿದ್ದರು. ಅಂಥ ಅಣ್ಣ ಅವನು.

ರೋಣದ ಶಾಲೆಯಲ್ಲಿ ಅವನು ಇಂಗ್ಲಿಷ್ ಮಾಸ್ತರ. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಆಫ್ರಿಕಾದ ಒಂದು ಊರಿನಲ್ಲಿ ಖಾಸಗಿ ಶಾಲೆ ನಡೆಸುತ್ತಿದ್ದ ಸಾಹುಕಾರನೊಬ್ಬನಿಗೆ ಇಂಗ್ಲಿಷ್ ಕಲಿಸುವವರು ಬೇಕಾಗಿದ್ದಾರೆ ಎಂದು ಪತ್ರಿಕೆಯಲ್ಲಿ ಬಂತು. ಅಣ್ಣನಿಗೆ ಹುಚ್ಚು ಹಿಡಿಯಿತು. ಸಮುದ್ರ ನೋಡದವನು ಮಕ್ಕಳಿಗೆ ಸಮುದ್ರದ ಪಾಠ ಹೇಳುವುದು ನಾಚಿಕೆಗೇಡು ಎಂದು ಮನೆಯಲ್ಲಿ ಭಾಷಣ ಬಿಗಿದ. ಹೊಳೆಆಲೂರಿನ ಸ್ಟೇಶನ್ನಿನಲ್ಲಿ ಅವನನ್ನು ರೈಲು ಹತ್ತಿಸಿದೆವು. ಅವ್ವ ಅವನ ಕೋಟಿನ ಕಿಸೆಗೆ ಮುಷ್ಟಿಗಟ್ಟಲೆ ಪುಟಾಣಿ ಕಡಲೆ ತುಂಬಿದಳು. ಹಡಗು ಅಂದರೆ ಮಲಪ್ರಭೆ ದಾಟಿಸುವ ಹರಿಗೋಲಿಗಿಂತ ತುಸು ದೊಡ್ಡದು ಇರಬೇಕು ಎಂದು ಅವಳು ತಿಳಿದಿದ್ದಳು.

ಪತ್ರಗಳು ಬರುತ್ತಿದ್ದವು. ಎಲ್ಲದರಲ್ಲೂ ಕ್ಷೇಮ, ಬರೀ ಕ್ಷೇಮ. ಕೊಟ್ಟ ಮಾತಿನ ಪ್ರಕಾರ ರಜೆಗೆ ಬರಬೇಕಾದ ಬೇಸಿಗೆ ಬಂತು, ಹೋಯಿತು, ಅಣ್ಣ ಬರಲಿಲ್ಲ. ಪಂಚಮಿಗೆ ನನ್ನನ್ನು ಕರೆಯಲು ಅಪ್ಪನೇ ಬಂದ. ನಾನು ಹಾಗೆ ತವರಿನಲ್ಲಿದ್ದಾಗಲೇ ಗಜೇಂದ್ರಗಡದ ಸಾಬರೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಬಟ್ಟೆ ವ್ಯಾಪಾರಕ್ಕೆಂದು ಅಣ್ಣ ಇದ್ದ ಊರಿಗೇ ಹೋಗಿ ಬಂದವರು. ಅವ್ವ ಎದುರಿಗೆ ಇರುವ ತನಕ ಅವರೂ ಮಾಸ್ತರರು ಚಲೋ ಅದಾರ ಎಂದೇ ಹೇಳಿದರು. ಅವಳು ಚಹಾ ಮಾಡಲು ಒಳಗೆ ಹೋದ ಮೇಲೆ ದನಿ ತಗ್ಗಿಸಿ ಅಪ್ಪನಿಗೆ ಖರೇ ಸಂಗತಿ ಹೇಳಿದರು. ಅಣ್ಣನ ಪಾಸ್‌ಪೋರ್ಟು ಮೊದಲ ದಿನದಿಂದಲೂ ಸಾಹುಕಾರನ ತಿಜೋರಿಯಲ್ಲಿದೆ. ಹಗಲು ಶಾಲೆ, ಸಂಜೆ ಸಾಹುಕಾರನ ಅಂಗಡಿಯ ಬರವಣಿಗೆ. ಮಲಗುವುದು ಶಾಲೆಯ ಹಿಂದಿನ ಸಾಮಾನು ತುಂಬುವ ಕೋಣೆಯಲ್ಲಿ. ಜ್ವರ ಬಂದು ಮಲಗಿದರೂ ದವಾಖಾನೆ ತೋರಿಸಲಿಲ್ಲ. ಊರಿಗೆ ಹೋಗುತ್ತೇನೆ ಅಂದಾಗ ಕಳ್ಳತನದ ಆರೋಪ ಹೊರಿಸಿ ಪೊಲೀಸರಿಗೆ ಕೊಡುತ್ತೇನೆ ಎಂದು ಸಾಹುಕಾರ ಹೆದರಿಸಿದನಂತೆ. ಅವನು ಬರೆದ ಪತ್ರಗಳನ್ನು ಸಾಹುಕಾರನ ಮಂದಿ ಓದಿಯೇ ಟಪಾಲಿಗೆ ಹಾಕುತ್ತಾರಂತೆ.

ಅಪ್ಪ ಅಂದೇ ರೋಣದ ಕೋರ್ಟಿನ ವಕೀಲರೊಬ್ಬರ ಮನೆಗೆ ಹೋದ. ಅವರು ಅಪ್ಪನ ಹಳೆಯ ಸ್ನೇಹಿತರು. ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಒಂದು ಅರ್ಜಿ ಬರೆದುಕೊಡಿ ಎಂದು ಅಪ್ಪ ಕೇಳಿದ. ವಕೀಲರು ತಲೆ ಅಲ್ಲಾಡಿಸಿದರು. ರಾಯಭಾರಿ ಅಂದರೆ ಸರಕಾರ ಸರಕಾರದ ನಡುವೆ ಮಾತಾಡುವ ಮನುಷ್ಯ. ಒಬ್ಬ ಮಾಸ್ತರ ತಾನೇ ಸಹಿ ಹಾಕಿ ಹೋದ ನೌಕರಿಯ ಜಗಳಕ್ಕೆ ಅವರೇಕೆ ಬರುತ್ತಾರೆ, ಇವತ್ತು ಇವನಿಗೆ ಬಂದರೆ ನಾಳೆ ಎಲ್ಲರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ ಎಂದರು. ಅಪ್ಪ ಹೆಚ್ಚು ಓದಿದವನಲ್ಲ. ಪಾಸ್‌ಪೋರ್ಟಿನ ಮೇಲಿರುವುದು ಸರಕಾರದ ಮುದ್ರೆ, ಸಾಹುಕಾರ ಅದನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕಿದರೆ ಸರಕಾರಕ್ಕೆ ಸಿಟ್ಟು ಬರಬೇಡವೇ ಎಂದು ಕೇಳಿದ. ವಕೀಲರು ಸ್ನೇಹಕ್ಕೆ ಕಟ್ಟುಬಿದ್ದು ಅರ್ಜಿ ಬರೆದರು. ನಾನು ನರಗುಂದಕ್ಕೆ ಹೊರಟು ಬಂದೆ.

ಮುಂದಿನ ಪಂಚಮಿಗೂ ಅಪ್ಪನೇ ಬಂದ. ಬಂಡಿ ಊರು ದಾಟಿದ ಮೇಲೆ ಈ ಸಲ ನಾನೇ ಕೇಳಿದೆ, ಅಣ್ಣನ ಸುದ್ದಿ ಏನು ಎಂದು. ಅಪ್ಪ ಸಿಡುಕಿದ. ರಾಯಭಾರ ಕಚೇರಿಯಿಂದ ಜವಾಬು ಬಂದಿತ್ತಂತೆ. ಅಧಿಕಾರಿಯೊಬ್ಬರು ಸ್ವತಃ ಶಾಲೆಗೆ ಹೋಗಿದ್ದರು. ಮಾಸ್ತರರನ್ನು ಕರೆಸಿ ನಿಮ್ಮದೇನಾದರೂ ತಕರಾರು ಇದೆಯೇ ಎಂದು ಕೇಳಿದ್ದರು. ಏನೂ ಇಲ್ಲ ಎಂದು ಅವನೇ ಹೇಳಿದ್ದ. ಅಲ್ಲಿಗೆ ಸರಕಾರದ ಕೆಲಸ ಮುಗಿಯಿತು. ಅವನಿಗೆ ಬರುವ ಮನಸ್ಸಿಲ್ಲ, ಸಾಬರಿಗೆ ಯಾರೋ ಸುಳ್ಳು ಹೇಳಿದ್ದಾರೆ ಎಂದು ಅಪ್ಪ ತೀರ್ಮಾನ ಮಾಡಿಬಿಟ್ಟಿದ್ದ. ಅವ್ವನಂತೂ ಸರಕಾರದವರೇ ಕಣ್ಣಾರೆ ನೋಡಿ ಬಂದಿದ್ದಾರೆ, ನನ್ನ ಮಗ ಚೆನ್ನಾಗಿದ್ದಾನೆ ಎಂದು ಓಣಿಯ ತುಂಬ ಹೇಳಿಕೊಂಡು ಬಂದಳಂತೆ. ಆದರೆ ಸಂಜೆಯಾದರೆ ಬಸ್ಸು ಬರುವ ಹಾದಿಯ ಕಡೆಗೇ ಮುಖ ಮಾಡಿ ಕೂಡುತ್ತಾಳೆ, ಊಟವೂ ಕಡಿಮೆಯಾಗಿದೆ ಎಂದ.

ಅಧಿಕಾರಿ ಅಣ್ಣನನ್ನು ಎಲ್ಲಿ ಕೂಡಿಸಿ ಕೇಳಿದರು ಎಂದು ನಾನು ಕೇಳಿದೆ. ಸಾಹುಕಾರನ ಕೋಣೆಯಲ್ಲಿ ಎಂದ ಅಪ್ಪ. ಸಾಹುಕಾರ ಇದ್ದನೇ ಎಂದೆ. ಇದ್ದ, ಎಲ್ಲರಿಗೂ ಚಹಾ ತರಿಸಿದನಂತೆ, ಅದನ್ನೂ ಬರೆದಿದ್ದಾರೆ ಎಂದ.

ನನಗೆ ಸಿಟ್ಟು ತಲೆಗೇರಿತು.

"ಅಪ್ಪಾ, ಅತ್ತಿ ಮುಂದ ಕುಂದರಿಸಿ ನನ್ನ ಕೇಳಿದ್ದರ ನಾ ಏನ ಹೇಳತಿದ್ದೆ?"

ಅಪ್ಪ ಹಗ್ಗ ಜಗ್ಗಿ ಬಂಡಿ ನಿಲ್ಲಿಸಿದ. ಅಣ್ಣನೂ ನಮ್ಮ ಮನೆಯಲ್ಲೇ ಬೆಳೆದವನು. ಒಬ್ಬರ ಮನೆಯಲ್ಲಿ ಕೂತು, ಅವರ ಚಹಾ ಕೈಯಲ್ಲಿ ಹಿಡಿದು, ಅವರ ಮೇಲೇ ದೂರು ಹೇಳುವ ಬಾಯಿ ಅವನಿಗೆ ಎಲ್ಲಿಂದ ಬರಬೇಕು? ಇಂಗ್ಲಿಷ್ ಕಲಿತ ಮಾತ್ರಕ್ಕೆ ಬರುತ್ತದೆಯೇ? ಅಧಿಕಾರಿ ಹೋದ ಮೇಲೆ ಮಲಗಬೇಕಾದದ್ದು ಅದೇ ಸಾಹುಕಾರನ ಸಾಮಾನು ಕೋಣೆಯಲ್ಲಿ ಎಂಬುದೂ ಅವನಿಗೆ ಗೊತ್ತಿತ್ತು.

ಹಬ್ಬದ ಉಂಡಿ ಕಟ್ಟುವುದನ್ನು ಬಿಟ್ಟು ನಾನು ಅಪ್ಪನ ಜೊತೆ ವಕೀಲರ ಮನೆಗೆ ಹೋದೆ. ಪರ ಊರಿಗೆ ಕೊಟ್ಟ ಹೆಣ್ಣುಮಗಳು ವಕೀಲರ ಎದುರು ನಿಂತು ಹೀಗೆ ಬರೆಯಿರಿ ಎಂದು ಹೇಳಿದ್ದು ಓಣಿಯಲ್ಲಿ ಬಹಳ ದಿನ ಚರ್ಚೆಗೆ ಬಂತು. ಬರಲಿ. "ಅವನ್ನ ನಿಮ್ಮ ಕಚೇರಿಗೆ ಕರಸ್ರಿ, ಪಾಸ್‌ಪೋರ್ಟನೂ ತರಸ್ರಿ. ಸಾಹುಕಾರನ ಮಂದಿ ಒಬ್ಬರೂ ಇರಬಾರದು. ಹೊಟ್ಟಿತುಂಬ ಉಣ್ಣಾಕ ಹಾಕ್ರಿ, ಆಮ್ಯಾಲ ಕೇಳ್ರಿ," ಎಂದು ಆ ಅಧಿಕಾರಿಗೆ ಬರೆಯಿರಿ ಎಂದೆ. ಸರಕಾರಕ್ಕೆ ಕೇಳುವ ರೀತಿ ಕಲಿಸಲು ಆಗುತ್ತದೆಯೇ ತಂಗಿ ಎಂದು ವಕೀಲರು ಮುಜುಗರ ಪಟ್ಟರು. ಆದರೂ ಬರೆದರು.

ಆ ಅರ್ಜಿ ಸಮುದ್ರ ದಾಟಿ, ಯಾವ ಮೇಜಿನ ಮೇಲೆ ಎಷ್ಟು ಕಾಲ ಬಿದ್ದಿತ್ತೋ ನನಗೆ ತಿಳಿಯದು. ಕಡೆಗೆ ಅಲ್ಲಿ ಯಾರೋ ಒಬ್ಬ ಪುಣ್ಯಾತ್ಮರು ಅದನ್ನು ಓದಿದರು. ಪಾಸ್‌ಪೋರ್ಟು ತಪಾಸಣೆ ಮಾಡಬೇಕಾಗಿದೆ, ಅದರ ಜೊತೆ ಮನುಷ್ಯನೂ ಬರಬೇಕು, ಬೇರೆ ಯಾರೂ ಬೇಡ ಎಂದು ಸಾಹುಕಾರನಿಗೆ ಹೇಳಿ ಕಳಿಸಿದರು. ಅಣ್ಣ ಒಬ್ಬನೇ ಹೋದ. ಅವರು ಅನ್ನ-ಸಾರು ಹಾಕಿಸಿದರಂತೆ. ಎರಡನೇ ತುತ್ತಿಗೇ ಅವನು ಅತ್ತನಂತೆ. ಮತ್ತೆ ಅವನನ್ನು ಸಾಹುಕಾರನ ಬಳಿಗೆ ಅವರು ಕಳಿಸಲಿಲ್ಲ; ಹಡಗಿಗೆ ಹತ್ತಿಸಿದರು.

ಅಷ್ಟರಲ್ಲಿ, ಕಾರ್ತಿಕದಲ್ಲಿ, ಅವ್ವ ತೀರಿಕೊಂಡಿದ್ದಳು. ಅಲ್ಲಿ ಅವನಿಗೆ ಅಳಲು ಹೆಗಲು ಕೊಡುವವರಿಲ್ಲ, ಸುದ್ದಿ ಬರೆಯುವುದು ಬೇಡ ಎಂದ ಅಪ್ಪ.

ವಕೀಲರ ಆ ಮಾತನ್ನು ಇಂದಿಗೂ ಹೇಳುವವರಿದ್ದಾರೆ. ರಾಯಭಾರ ಕಚೇರಿಗೆ ದೊಡ್ಡ ದೊಡ್ಡ ಕೆಲಸಗಳಿವೆ, ಮಾಸ್ತರರ ಗೋಳು ಕೇಳಲು ಅದನ್ನು ಇಟ್ಟಿಲ್ಲ ಎನ್ನುತ್ತಾರೆ. ಪರದೇಶದಲ್ಲಿ ಸಿಕ್ಕಿಬಿದ್ದವನಿಗೆ ಅದೊಂದೇ ತವರು ಎಂದು ನಾನು ಹೇಳುತ್ತೇನೆ. ತವರಿನವರು ಕೇಳದಿದ್ದರೆ ಇನ್ಯಾರು ಕೇಳಬೇಕು? ಕೇಳಿದರಷ್ಟೇ ಸಾಲದು, ಎಲ್ಲಿ ಕೂಡಿಸಿ ಕೇಳಬೇಕು ಎಂಬುದೂ ತಿಳಿದಿರಬೇಕು. ಮೊದಲ ಸಲವೇ ಅವರಿಗೆ ಅದು ಹೊಳೆದಿದ್ದರೆ ಅವ್ವ ಮಗನ ಮುಖ ನೋಡುತ್ತಿದ್ದಳು. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹೊಳೆಆಲೂರಿಗೆ ಅವನನ್ನು ಕರೆತರಲು ಅಪ್ಪ ಬರಲಿಲ್ಲ. ತನ್ನ ಮುಖ ನೋಡಿದರೆ ಅಲ್ಲೇ ಗೊತ್ತಾಗಿಬಿಡುತ್ತದೆ ಎಂದ. ತಂಗಿ ಅಣ್ಣನನ್ನು ಕರೆಯಲು ಹೋಗುವ ಪದ್ಧತಿ ನಮ್ಮಲ್ಲಿಲ್ಲ; ನಾನು ಹೋದೆ. ನಮ್ಮ ಮನೆಯವರು ಬಂಡಿ ಹೊಡೆದರು. ಅಣ್ಣ ರೈಲಿನಿಂದ ಇಳಿದ. ಅದೇ ಕೋಟು, ಒಳಗಿನ ಮೈ ಮಾತ್ರ ಅರ್ಧವಾಗಿತ್ತು. ನನ್ನ ತಲೆ ಮೇಲೆ ಕೈಯಿಟ್ಟು, ನನ್ನ ಹಿಂದೆ, ಬಂಡಿಯ ಕಡೆ, ಎಲ್ಲ ಕಡೆ ನೋಡಿದ.

"ಅವ್ವ ಬಂದಿಲ್ಲೇನ?" ಎಂದ.

"ಬಂಡಿ ಹತ್ತಣ್ಣಾ. ಊರು ದಾಟಲಿ, ಹೇಳತೀನಿ," ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಬಂಡಿ ಹತ್ತಿ ಕೂತ. ಊರು ದಾಟಿತು. ಹೊಲಗಳು ಶುರುವಾದವು. ರೋಣ ಬರುವ ತನಕ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.