ನೀರಿಲ್ಲದ ಊರಿಗೆ ಹೊಸ ಮನೆಗಳು

ನನ್ನ ತಂಗಿ ಲತಾ ಭೂಕಂಪದಲ್ಲಿ ಗೋಡೆಯಡಿ ಸಿಕ್ಕಿ ಸತ್ತ ಜಾಗದಲ್ಲೇ ಹೊಸ ಮನೆ ಎದ್ದಿತ್ತು. ಬಾಗಿಲ ಪಕ್ಕದ ಕಲ್ಲಿನಲ್ಲಿ ಗಂಡ ಹೆಂಡತಿಯ ಹೆಸರು ಕೊರೆದಿತ್ತು. ಲತಾಳದ್ದಲ್ಲ, ಅವಳ ಗಂಡನದ್ದೂ ಅಲ್ಲ. ಆ ಮನೆಯಲ್ಲಿ ಒಂದು ದಿನವೂ ಮಲಗದ ದಾನಿಗಳದ್ದು. ನೇಪಾಳದ ಈ ಬೆಟ್ಟದೂರಿಗೆ ಬಂದಿಳಿದಾಗ ನಾನು ಮೊದಲು ಓದಿದ್ದು ಅದನ್ನೇ. ನಮ್ಮ ಕಡೆ ದೇವಸ್ಥಾನದ ಫ್ಯಾನಿನ ರೆಕ್ಕೆಗೆ ಕೊಟ್ಟವರ ಹೆಸರು ಬರೆಸುತ್ತಾರೆ. ಸತ್ತವರ ಹೊಸ್ತಿಲಿಗೆ ಬರೆಸುವುದನ್ನು ಇಲ್ಲಿ ಕಂಡೆ.

ಲತಾಳ ಗಂಡ ದೀಪಕನನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಶಿಕಾರಿಪುರದಲ್ಲಿ ಗೋಬಿ, ನೂಡಲ್ಸ್ ಗಾಡಿ ಇಟ್ಟಿದ್ದವನು. ಮದುವೆಯಾಗಿ ಅವಳನ್ನು ತನ್ನೂರಿಗೆ ಕರೆತಂದ. ಭೂಕಂಪದ ನಂತರ ಹೊಟ್ಟೆಪಾಡಿಗೆ ಮತ್ತೆ ಅದೇ ಗಾಡಿಗೆ ಮರಳಿದ. ವರ್ಷದ ತಿಥಿಗೆಂದು ಬಂದ ನಾನು ಇಲ್ಲಿ ಅವನ ತಾಯಿಯ ಜೊತೆ ಉಳಿದೆ. ಜಾತಿ ಬಿಟ್ಟು ಮದುವೆಯಾದಳೆಂದು ಹೊಸಬಾಳೆಯ ನಮ್ಮ ಮನೆಯಲ್ಲಿ ಲತಾಳ ಹೆಸರೇ ಎತ್ತುತ್ತಿರಲಿಲ್ಲ. ಅವಳ ಬಗ್ಗೆ ಮಾತಾಡಲು ನನಗೆ ಸಿಕ್ಕವರು ಆಮಾ ಒಬ್ಬರೇ. ಆಮಾ ಎಂದರೆ ಇಲ್ಲಿ ಅಮ್ಮ; ದೀಪಕನ ತಾಯಿಯನ್ನು ನಾನೂ ಹಾಗೇ ಕರೆದೆ.

ಇಲ್ಲಿಯ ಢಿಡೋ ನಮ್ಮ ಮುದ್ದೆಯಂತೆಯೇ, ಆದರೆ ಮೆತ್ತಗೆ. ಗಂಟಲಲ್ಲಿ ಇಳಿಸುವುದನ್ನು ಬೇಗ ಕಲಿತೆ. ಭಾಷೆ ನಿಧಾನವಾಗಿ ಬಂತು. ಒಗ್ಗದೇ ಹೋದದ್ದು ದಾನದ ರೀತಿ. ಮೊದಲು ಕಂಬಳಿ, ಬಿಸ್ಕತ್ತು ಬಂದವಂತೆ. ನಮ್ಮ ಆನವಟ್ಟಿಯಿಂದ ಕಳಿಸಿದ್ದ ಸೀರೆಗಳನ್ನು ಈ ಚಳಿಯಲ್ಲಿ ಯಾರೂ ಉಡಲಾರದೆ ಕಿಟಕಿಗೆ ಕಟ್ಟಿದ್ದರು. ಆಮೇಲೆ ಮನೆಗಳು, ಆಮೇಲೆ ಹೊಲಿಗೆ ಯಂತ್ರಗಳು. ನನಗೆ ಟೈಲರಿಂಗ್ ಗೊತ್ತೆಂದು, ಮನೆ ಕಟ್ಟಿಸಿಕೊಟ್ಟ ಸಂಸ್ಥೆಯವರು ಹೆಂಗಸರಿಗೆ ಕಲಿಸುವ ಕೆಲಸ ಕೊಟ್ಟರು. ಕಲಿಯಲು ಯಾರಿಗೂ ಬಿಡುವಿರಲಿಲ್ಲ. ಎಲ್ಲರೂ ನೀರಿಗೆ ಹೋಗಿರುತ್ತಿದ್ದರು. ಭೂಮಿ ನಡುಗಿದಾಗ ಬೆಟ್ಟದೊಳಗೆ ನೀರಿನ ದಾರಿ ತಪ್ಪಿ, ಊರಿನ ಧಾರೋ, ಅಂದರೆ ಕಲ್ಲಿನ ಬಾಯಿಂದ ಸುರಿಯುವ ಊಟೆ, ಬತ್ತಿಹೋಗಿತ್ತು. ಈಗ ಕೊರಕಲಿಗೆ ಇಳಿದು, ಹಣೆಗೆ ಪಟ್ಟಿ ಕಟ್ಟಿ ಬೆನ್ನಬುಟ್ಟಿಯಲ್ಲಿ ಕ್ಯಾನು ಹೊತ್ತು ತರಬೇಕು.

ಸಂಸ್ಥೆಯ ಅಧಿಕಾರಿಯನ್ನು ಕೇಳಿದೆ. ನಾನು ಹಿಂದಿಯಲ್ಲಿ ತಡವರಿಸಿದೆ, ಅವರು ತಾಳ್ಮೆಯಿಂದಲೇ ಕೇಳಿಸಿಕೊಂಡರು.

“ನೀರು ನಮ್ಮ ಯೋಜನೆಯಲ್ಲಿಲ್ಲಮ್ಮ. ದಾನಿಗಳು ಕೊಟ್ಟದ್ದು ಮನೆಗೆ.”

“ನೀರಿಲ್ಲದ ಮನೆಯಲ್ಲಿ ಹೇಗೆ ಇರೋದು ಸಾರ್?”

“ಅದನ್ನೂ ವರದಿಯಲ್ಲಿ ಬರೀತೀವಿ.”

ಪ್ರತಿ ಭೇಟಿಯಲ್ಲೂ ಬರೆದುಕೊಂಡರು.

ಅಷ್ಟರಲ್ಲಿ ಭೂಮಿ ಹುಣ್ಣಿಮೆ ಬಂತು. ತೆನೆಗಟ್ಟಿದ ಭೂಮಿಯನ್ನು ಬಸುರಿಯೆಂದು ನಾವು ಬಯಕೆಯೂಟ ಬಡಿಸುವ ದಿನ. ಬೆಳಿಗ್ಗೆ ಸಿಕ್ಕ ಸೊಪ್ಪು, ಕುಂಬಳದ ಕುಡಿ ಬೇಯಿಸಿ, ಕಡುಬು ಮಾಡಿ ಹೊಲಕ್ಕೆ ಹೊರಟೆ. ಒಂದೆಡೆ ಹೂಳಿ, ಉಳಿದದ್ದನ್ನು ಹೊಲದ ತುಂಬ ಚರಗ ಚೆಲ್ಲುವುದು ನಮ್ಮ ಪದ್ಧತಿ. ಆಮಾ ಕೈ ಹಿಡಿದು ನಿಲ್ಲಿಸಿದರು.

“ಮನೆ ತಿಂದಳು, ಸೊಸೆಯನ್ನೂ ತಿಂದಳು. ಇನ್ನೂ ಹಸಿವಂತೇನು ಅವಳಿಗೆ?”

“ಲತಾ ಮಾಡ್ತಿದ್ಲಾ ಇಲ್ಲಿ?” ಎಂದೆ.

“ಪ್ರತಿ ವರ್ಷ. ನಾನು ಬೈತಿದ್ದೆ, ಕೋಳಿ ತಿಂದು ಹೋಗ್ತಾವೆ ಅಂತ.”

ಆಮೇಲೆ ತಾವೇ ಗುಂಡಿ ತೋಡಿದರು. ಕಡುಬು ಹೂತ ಮೇಲೆ, ಆ ದಿನ ಹೊತ್ತು ತಂದಿದ್ದ ನೀರಿನಲ್ಲಿ ಒಂದು ಚೊಂಬು ಒಯ್ದು ಬತ್ತಿದ ಧಾರೋದ ಬಾಯಿಗೆ ಸುರಿದರು. ಅದೇ ಹೊತ್ತಿಗೆ ದಾನಿಗಳನ್ನು ಕರೆದುಕೊಂಡು ಅಧಿಕಾರಿ ಬಂದರು. ದಾನಿಗಳಿಗೆ ಅದು ಬಹಳ ಹಿಡಿಸಿತು. ಇನ್ನೊಮ್ಮೆ ಸುರಿಯಲು ಹೇಳಿ, ಫೋಟೋ ಬೇಕು ಎಂದರು.

ಆಮಾ ಖಾಲಿ ಚೊಂಬನ್ನು ಅಧಿಕಾರಿಯ ಕೈಗಿಟ್ಟರು. “ಕೊರಕಲು ಕೆಳಗಿದೆ. ತಂದುಕೊಡು, ಎಷ್ಟು ಸಲ ಬೇಕಾದರೂ ಸುರೀತೀನಿ.”

ದಾನಿಗಳು ನಕ್ಕರು. ಏನೆಂದರೆಂದು ಅವರಿಗೆ ಯಾರೂ ತಿಳಿಸಲಿಲ್ಲ.

ಈ ತಿಂಗಳು ಸಂಸ್ಥೆ ಕಚೇರಿ ಮುಚ್ಚಿತು. ಊರು ಚೇತರಿಸಿಕೊಂಡಿದೆಯಂತೆ. ಕೊನೆಯ ಜೀಪಿನಲ್ಲಿ ನನಗೂ ಜಾಗವಿತ್ತು. ಚೀಲ ಹಾಕಿಯೂ ಆಗಿತ್ತು. ಹೇಳಿ ಹೋಗೋಣವೆಂದರೆ ಆಮಾ ಮನೆಯಲ್ಲಿಲ್ಲ, ನೀರಿಗೆ ಇಳಿದಿದ್ದರು. ಬೇಕೆಂದೇ ಹೋಗಿದ್ದರೇನೋ. ಜೀಪು ಹಾರನ್ ಹೊಡೆಯುತ್ತಲೇ ಇತ್ತು. ಚೀಲ ಇಳಿಸಿಕೊಂಡು, ಇನ್ನೊಂದು ಕ್ಯಾನು ಹಿಡಿದು ನಾನೂ ಇಳಿದೆ.

ತುಂಬಿದ ಕ್ಯಾನು ಹೊತ್ತು ಆಮಾ ಜೊತೆ ಅರ್ಧ ದಾರಿ ಹತ್ತಿದಾಗ ಹೊಸಬಾಳೆಯಿಂದ ಅಣ್ಣನ ಫೋನು.

“ಹೊಂಟ್ಯೇನೇ? ಇವತ್ತೇ ಜೀಪು ಅಂದಿದ್ಯಲ್ಲ?”

“ಇನ್ನೊಂದು ಚೂರು ಕೆಲ್ಸ ಐತೆ ಅಣ್ಣ. ಮುಂದಿನ ತಿಂಗ್ಳು ಬರ್ತೀನಿ.”

“ಆಫೀಸೇ ಮುಚ್ಚೈತೆ, ಎಂಥಾ ಕೆಲ್ಸನೇ ಮಾರಾಯ್ತಿ? ಬಂದ್ಬಿಡು ಸುಮ್ನೆ.”

ಫೋನಿಟ್ಟ ಮೇಲೆ, ಅಣ್ಣ ಏನಂದನೆಂದು ಆಮಾ ಕೇಳಿದರು. ಊಟ ಆಯ್ತಾ ಅಂತ ಕೇಳಿದ ಎಂದೆ.

ಆಮಾ ನನ್ನ ಮುಖವನ್ನೇ ನೋಡಿದರು. ನನ್ನ ಹಣೆಯ ಪಟ್ಟಿಯನ್ನು ಒಂದಿಷ್ಟು ಮೇಲಕ್ಕೆ ಸರಿಸಿ, ಮುಂದೆ ಹತ್ತತೊಡಗಿದರು.